ಖಾಲಿ ಲೋಟವನ್ನು ನಂಬದ ಡುಗುಡುಗು ದೊಡ್ಡಮ್ಮ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇನ್ನೂ ಎರಡೇ ದೀಪ ಉರಿಯುತ್ತಿವೆ. ಎಂಆರ್‌ಐ ಕೋಣೆಯ ಹೊರಗಿನ ಬೆಂಚಿನ ಮೇಲೆ ಐವತ್ತನಾಲ್ಕರ ಹೆಂಗಸೊಬ್ಬರು ಕೂತು ತಮ್ಮನ್ನು ತಾವೇ ಜಪ್ತಿ ಮಾಡಿಕೊಳ್ಳುತ್ತಿದ್ದಾರೆ. ತಲೆಯಿಂದ ನಾಲ್ಕು ಪಿನ್ನು, ಬೆರಳಿನಿಂದ ಉಂಗುರ, ಮಣಿಕಟ್ಟಿನಿಂದ ಗಡಿಯಾರ, ಜೇಬಿನಿಂದ ಮನೆಯ ಬೀಗದ ಕೈ. ಒಂದೊಂದನ್ನೂ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ. ಆಮೇಲೆ ಹತ್ತಿಬಟ್ಟೆಯ ಪಟ್ಟಿಗೆ ಹೊಲಿದ ಗೋಲಿಗಾತ್ರದ ಅಯಸ್ಕಾಂತವನ್ನು ತಮ್ಮ ಮೈಮೇಲೆಲ್ಲ ಆಡಿಸಿ ನೋಡುತ್ತಾರೆ. ಅದು ಎಲ್ಲೂ ತಡೆಯುವುದಿಲ್ಲ. "ಸರಿ, ನಾನು ಪಾಸು" ಎಂದು ಏಳುತ್ತಾರೆ. ಮೊಣಕಾಲು ಲಟಕ್ಕೆನ್ನುತ್ತದೆ.

ಆರು ಗಂಟೆಗೆ ಮೊದಲ ಗಿರಾಕಿ ಬರುತ್ತಾನೆ. ವಯಸ್ಸು ಮೂರು ತಿಂಗಳು. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಇವನ ಎಡ ಮೂತ್ರಪಿಂಡ ಊದಿಕೊಂಡಿರುವುದು ಸ್ಕ್ಯಾನಿಂಗಿನಲ್ಲಿ ಕಂಡಿತ್ತು. ಮೂತ್ರ ಎಲ್ಲಿ ಕಟ್ಟಿಕೊಳ್ಳುತ್ತಿದೆ ಎಂದು ಇವತ್ತು ನೋಡಬೇಕು. ಎರಡು ಗಂಟೆಗೆ ಹಾಲು ಕೊಟ್ಟದ್ದೇ ಕೊನೆ, ಬೇಕೆಂದೇ ಹಸಿವಿನಲ್ಲಿ ಕರೆತಂದಿದ್ದಾರೆ. ಅವನು ಕಾರಿಡಾರು ಕಿತ್ತುಹೋಗುವಂತೆ ಅರಚುತ್ತಿದ್ದಾನೆ. ತಾಯಿಗೂ ಕಣ್ಣೀರು.

"ಅಳಲಿ ಬಿಡಮ್ಮ, ಚೆನ್ನಾಗಿ ಅತ್ತರೆ ಚೆನ್ನಾಗಿ ಕುಡೀತಾನೆ, ಚೆನ್ನಾಗಿ ಕುಡಿದರೆ ಚೆನ್ನಾಗಿ ಮಲಗ್ತಾನೆ. ನಮಗೆ ಬೇಕಾಗಿರೋದು ಅವನ ನಿದ್ದೆ. ಮಂಪರಿನ ಔಷಧಿ ಯಾಕೆ, ನಿನ್ನ ಹಾಲಿಗಿಂತ ದೊಡ್ಡ ಮಂಪರು ಯಾವುದಿದೆ?" ಎನ್ನುತ್ತ ಅಯಸ್ಕಾಂತದ ಪಟ್ಟಿಯನ್ನು ಮಗುವಿನ ಮೇಲೆ ಆಡಿಸುತ್ತಾರೆ. ಸೊಂಟದ ಬಟ್ಟೆಯ ಹತ್ತಿರ ಅದು ತಟ್ಟನೆ ವಾಲುತ್ತದೆ. ಮಡಿಕೆಯೊಳಗೆ ಒಂದು ಪುಟ್ಟ ಸೇಫ್ಟಿಪಿನ್ನು. ತಾಯಿ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಇವರು ಬೈಯುವುದಿಲ್ಲ. ಪಿನ್ನು ತೆಗೆದು ಡಬ್ಬಿಗೆ ಹಾಕಿ, ಮಗುವಿನ ಕಿವಿಗೆ ಮೆತ್ತನೆಯ ಮುಚ್ಚಳ ಕಟ್ಟಿ, ಹಾಲುಂಡು ತೂಕಡಿಸುವವನನ್ನು ಮೂರು ಮಡಿಕೆಯಲ್ಲಿ ಬಿಗಿಯಾಗಿ ಸುತ್ತುತ್ತಾರೆ. ಹೊರಗೆ ಮೂಗು ಮಾತ್ರ ಕಾಣುತ್ತದೆ. ಮೂವತ್ತೈದು ನಿಮಿಷ ಯಂತ್ರ ಬಡಿದುಕೊಂಡರೂ ಪಾಪು ಮಿಸುಕಾಡುವುದಿಲ್ಲ.

ಇವರಿಗೆ ಮನೆಯಲ್ಲಿ, ದಾಖಲೆಯಲ್ಲಿ ಬೇರೆ ಹೆಸರಿದೆ. ಅದನ್ನು ಹೇಳಿದರೆ ಆಸ್ಪತ್ರೆಯ ಗೇಟಿನಲ್ಲಿ ಯಾರೂ ದಾರಿ ತೋರಿಸುವುದಿಲ್ಲ. "ಡುಗುಡುಗು ದೊಡ್ಡಮ್ಮ" ಅನ್ನಿ, ವಾಚ್‌ಮನ್ ಎದ್ದು ನೆಲಮಾಳಿಗೆಯ ಮೆಟ್ಟಿಲು ತೋರಿಸುತ್ತಾನೆ. ಹುದ್ದೆ "ಸಹಾಯಕ ಸಿಬ್ಬಂದಿ". ಗೋಡೆಯ ಫಲಕದಲ್ಲಿ ತಜ್ಞರ ಹೆಸರಿದೆ, ತಂತ್ರಜ್ಞರ ಹೆಸರಿದೆ, ಯಂತ್ರವನ್ನು ಉದ್ಘಾಟಿಸಿದವರ ಹೆಸರಂತೂ ಚಿನ್ನದ ಬಣ್ಣದಲ್ಲಿದೆ. ಇವರ ಹೆಸರಿಲ್ಲ. "ನನ್ನ ಹೆಸರು ಅಲ್ಲಿ ಬರೆದ್ರೆ ಒರೆಸೋಳೂ ನಾನೇ ತಾನೆ? ಒಂದು ಕೆಲಸ ಕಮ್ಮಿ ಬಿಡಿ" ಎಂದು ನಗುತ್ತಾರೆ.

ಆದರೆ ಇವತ್ತು ಆ ನಗು ಕಣ್ಣಿನವರೆಗೆ ಏರುತ್ತಿಲ್ಲ. ಒಂಬತ್ತು ಗಂಟೆಗೆ ಗುಬ್ಬಿ ಬರುತ್ತಾಳೆ.

ಗುಬ್ಬಿ ಎಂದರೆ ಎಂಟು ವರ್ಷದ ಹುಡುಗಿ, ಮನೆಯವರು ಮುದ್ದಿಗೆ ಇಟ್ಟ ಹೆಸರು. ಎಂಟು ತಿಂಗಳ ಹಿಂದೆ ಇದೇ ಕೋಣೆಗೆ ಬಂದಿದ್ದಳು. ಹುಟ್ಟಿದಾಗಿನಿಂದ ಅವಳ ಬಟ್ಟೆ ಒಣಗಿದ್ದೇ ಇಲ್ಲ. ಎಲ್ಲರಂತೆ ಶೌಚಕ್ಕೆ ಹೋಗುತ್ತಾಳೆ, ಬರುತ್ತಾಳೆ, ಹತ್ತೇ ನಿಮಿಷದಲ್ಲಿ ಮತ್ತೆ ಒದ್ದೆ. ಹಗಲೂ ಅಷ್ಟೆ, ರಾತ್ರಿಯೂ ಅಷ್ಟೆ. ಶಾಲೆಯಲ್ಲಿ ಅವಳಿಗೆ "ಸೋರೋ ನಲ್ಲಿ" ಎಂದು ಹೆಸರು. ಕೂರುವುದು ಕೊನೆಯ ಬೆಂಚಿನಲ್ಲಿ, ಒಬ್ಬಳೇ. ಯಾವಾಗಲೂ ಗಾಢ ನೀಲಿ ಬಟ್ಟೆ. ನೀಲಿಯಲ್ಲಿ ಒದ್ದೆ ಕಾಣುವುದಿಲ್ಲವಲ್ಲ. ಮಕ್ಕಳ ಮೂತ್ರರೋಗದ ಡಾಕ್ಟರಿಗೆ ಅನುಮಾನ ಬಂತು. ಎಲ್ಲೋ ಒಂದು ಹೆಚ್ಚಿನ ನಾಳವಿದ್ದು, ಮೂತ್ರಕೋಶಕ್ಕೆ ಸೇರದೆ ಹೊರಗೇ ಸೋರುತ್ತಿರಬಹುದು ಎಂದು ಎಂಆರ್‌ಐಗೆ ಬರೆದರು. ಇಲ್ಲಿ ಚಿತ್ರ ತೆಗೆದರು. ವರದಿ ಬಂತು: ಎಲ್ಲ ಸರಿಯಾಗಿದೆ.

ಎಲ್ಲ ಸರಿಯಾಗಿದ್ದರೆ ಸೋರುವುದೇಕೆ? ಹಾಗಾದರೆ ತಪ್ಪು ಹುಡುಗಿಯದೇ. ಸೋಮಾರಿತನ, ಹಟ, ಬೇಕಂತ ಮಾಡ್ತಾಳೆ. ಮನೆಯಲ್ಲಿ ಹಾಗಂದರು, ಶಾಲೆಯಲ್ಲಿ ಹಾಗಂದರು. ಒಂದು ಕಾಗದ ಆ ಮಗುವನ್ನು ಸುಳ್ಳಿ ಮಾಡಿತು. ಆ ಕಾಗದ ಹಾಗೆ ಬಂದದ್ದಕ್ಕೆ ಕಾರಣ ತಾನು ಎಂದು ದೊಡ್ಡಮ್ಮ ಹೇಳುತ್ತಾರೆ. ಯಾರೂ ಕೇಳದೆ, ಯಾರೂ ಕಂಡುಹಿಡಿಯದೆ, ತಾವಾಗಿಯೇ ಹೇಳುತ್ತಾರೆ.

ಅದನ್ನು ಹೇಳುವ ಮೊದಲು ಅವರು ಈ ಕೋಣೆಗೆ ಹೇಗೆ ಬಂದರು ಎಂಬುದನ್ನು ನೋಡಬೇಕು.

ಹನ್ನೊಂದು ವರ್ಷದ ಹಿಂದೆ ಅವರು ಇದೇ ಕಾರಿಡಾರು ಗುಡಿಸುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ಒಳಗೊಂದು ಐದು ವರ್ಷದ ಹುಡುಗ ಯಂತ್ರದ ಸದ್ದಿಗೆ ಹೆದರಿ ಮೇಜಿನಿಂದ ಇಳಿದು ಓಡಿಬಂದು ಇವರ ಪೊರಕೆಯ ಹಿಂದೆ ಅಡಗಿದ. ಹಿಂದೆಯೇ ನಾಲ್ಕು ಜನ ದೊಡ್ಡವರು. ಇವರು ಪೊರಕೆ ಅಡ್ಡ ಹಿಡಿದು, "ತಡೀರಿ, ತಡೀರಿ" ಎಂದವರೇ ಹುಡುಗನ ಎದುರು ಕುಕ್ಕರುಗಾಲಲ್ಲಿ ಕೂತು, "ಅದು ಹೆಂಗೆ ಕೂಗ್ತು? ಡುಗು ಡುಗು ಡುಗು ಅಂತಾನಾ, ಇಲ್ಲಾ ಕ್ಯಾಂ ಕ್ಯಾಂ ಅಂತಾನಾ?" ಎಂದು ಕೇಳಿದರು. ಹುಡುಗ ಯೋಚಿಸಿ, ಮೊದಲು ಡುಗು ಡುಗು, ಆಮೇಲೆ ಕ್ಯಾಂ ಕ್ಯಾಂ ಎಂದ. ಇಬ್ಬರೂ ಸೇರಿ ಐದು ನಿಮಿಷ ಕೂಗಿದರು. ಹೆದರಿಸಿದ ಸದ್ದು ಅವನ ಬಾಯೊಳಗೇ ಬಂದಮೇಲೆ ಇನ್ನೇನು ಹೆದರಿಕೆ? ಹೋಗಿ ಮಲಗಿದ. ಮರುದಿನದಿಂದ ಇವರ ಕೈಯಿಂದ ಪೊರಕೆ ಹೋಯಿತು.

ಈ ಕೆಲಸದ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ. ಎಂಆರ್‌ಐ ಎಕ್ಸ್‌ರೇಯಂತೆ ಕಿರಣ ಹಾಯಿಸುವುದಿಲ್ಲ. ಅಯಸ್ಕಾಂತದ ಬಲದಿಂದ ಮೈಯೊಳಗಿನ ನೀರನ್ನು ಹುಡುಕಿ ಚಿತ್ರ ಬರೆಯುತ್ತದೆ. ಮೂತ್ರಪಿಂಡ, ಅಲ್ಲಿಂದ ಇಳಿಯುವ ನಾಳ, ಕೆಳಗಿನ ಮೂತ್ರಕೋಶ, ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಆದರೆ ಎರಡು ಷರತ್ತು. ಮಗು ನಲವತ್ತು ನಿಮಿಷ ಅಲುಗಬಾರದು. ಮೈಯಲ್ಲಿ ಸಾಕಷ್ಟು ನೀರಿರಬೇಕು. ಮಕ್ಕಳು ಅಲುಗದಿರುವುದೆಂದರೆ ಕಪ್ಪೆಯನ್ನು ತಕ್ಕಡಿಗೆ ಹಾಕಿದಂತೆ ಎನ್ನುವುದು ಹೆತ್ತವರಿಗೆಲ್ಲ ಗೊತ್ತು. ತೀರಾ ಆಗದಿದ್ದರೆ ಅರಿವಳಿಕೆ ಕೊಡಬೇಕು. ಅದಕ್ಕೆ ಬೇರೆ ಡಾಕ್ಟರು ಬೇಕು, ಬೇರೆ ಅಪಾಯವಿದೆ, ತಿಂಗಳುಗಟ್ಟಲೆ ಸರದಿಯಿದೆ. ವಾರಕ್ಕೆ ಮೂರು ದಿನ ಮಕ್ಕಳ ದಿನ, ದಿನಕ್ಕೆ ಐದು ಮಕ್ಕಳು. ದೊಡ್ಡಮ್ಮ ಬಂದಮೇಲೆ ಹತ್ತರಲ್ಲಿ ಎಂಟು ಮಕ್ಕಳು ಅರಿವಳಿಕೆಯಿಲ್ಲದೆ ಮಲಗುತ್ತಿದ್ದಾರೆ ಎಂದು ಚಿತ್ರ ನೋಡಿ ವರದಿ ಬರೆಯುವ ಡಾಕ್ಟರಮ್ಮ ಹೇಳುತ್ತಾರೆ. ಮೊದಲು ಇದು ಹತ್ತರಲ್ಲಿ ಮೂರಿತ್ತಂತೆ.

ಕಾಯುವ ಕೋಣೆಯ ಮೂಲೆಯಲ್ಲಿ ದೊಡ್ಡಮ್ಮನ "ಗುಹೆ" ಇದೆ. ಎರಡೂ ತುದಿ ಕತ್ತರಿಸಿದ ದೊಡ್ಡ ನೀರಿನ ಡ್ರಮ್ಮು, ಅದರ ಕೆಳಗೆ ಮರದ ತೊಟ್ಟಿಲುಕಾಲು, ಒಳಗೆ ಜಾರುವ ಹಲಗೆ. ಅವರ ಗಂಡ ಬಡಗಿ. ಒಂದೇ ಒಂದು ಮೊಳೆ ಬಡಿಯದೆ ಬರಿಯ ಮರದ ಗೂಟದಲ್ಲಿ ಕೂಡಿಸಿದ್ದಾರೆ. "ಮದುವೆಯಾಗಿ ಮೂವತ್ತು ವರ್ಷ ಆಯ್ತು, ನಮ್ಮನೆ ಮಂಚದ ಕಾಲು ಇನ್ನೂ ಇಟ್ಟಿಗೆ ಮೇಲಿದೆ. ಆಸ್ಪತ್ರೆಗೆ ಮಾತ್ರ ಮೂರೇ ದಿನದಲ್ಲಿ ಗುಹೆ ಮಾಡ್ಕೊಟ್ರು" ಎಂದು ದೊಡ್ಡಮ್ಮ ದೂರುತ್ತಾರೆ. ಮಕ್ಕಳು ಅದರಲ್ಲಿ ಮಲಗುತ್ತಾರೆ. ಇವರು ಹೊರಗಿನಿಂದ ಡ್ರಮ್ಮು ಬಡಿಯುತ್ತ ಯಂತ್ರದ ಎಲ್ಲ ಸದ್ದನ್ನೂ ಬಾಯಲ್ಲಿ ಹೊರಡಿಸುತ್ತಾರೆ. ಅಭ್ಯಾಸವಾದಮೇಲೆ ನಿಜವಾದ ಗುಹೆ.

ಅಲ್ಲಿಗೂ ಮುಗಿಯಲಿಲ್ಲ. ಮಗು ಯಂತ್ರದೊಳಗಿರುವಷ್ಟು ಹೊತ್ತೂ ಇವರು ಪಕ್ಕದಲ್ಲೇ ಮರದ ಸ್ಟೂಲಿನ ಮೇಲೆ ಕೂತು ಅದರ ಪಾದದ ಮೇಲೆ ಕೈ ಇಟ್ಟಿರುತ್ತಾರೆ. ಕಿವಿಗೆ ಮುಚ್ಚಳ ಹಾಕಿಕೊಳ್ಳಬೇಕು, ನಿಯಮ ಹಾಗಿದೆ. ಇವರು ಎಡಗಿವಿಯದನ್ನು ಸ್ವಲ್ಪ ಸರಿಸಿಕೊಳ್ಳುತ್ತಿದ್ದರು. "ಒಳಗಿಂದ ಮಗು ಕರೆದ್ರೆ ಕೇಳಿಸಬೇಕಲ್ಲ?" ಹನ್ನೊಂದು ವರ್ಷದಲ್ಲಿ ಆ ಕಿವಿ ಅರ್ಧ ಹೋಗಿದೆ. ಯಂತ್ರ ನಡೆಸುವ ತಂತ್ರಜ್ಞ ಬೈದು ಬೈದು ಸಾಕಾಗಿ, ಈಗ ತಾನೇ ನಿಂತು ಅವರ ಎರಡೂ ಕಿವಿ ಮುಚ್ಚಿಸಿ ಬಾಗಿಲು ಹಾಕುತ್ತಾನೆ. ಮನೆಯಲ್ಲಿ ಗಂಡ ಬಲಗಡೆಯೇ ಕೂತು ಮಾತಾಡುತ್ತಾರೆ. "ಜಗಳ ಆಡೋವಾಗ ಮಾತ್ರ ಎಡಗಡೆ ಬರ್ತಾರೆ, ಪುಣ್ಯಾತ್ಮರು" ಎನ್ನುತ್ತಾರೆ ದೊಡ್ಡಮ್ಮ.

ಈಗ ಆ ತಪ್ಪಿನ ಮಾತು.

ಎಂಟು ತಿಂಗಳ ಹಿಂದೆ ಗುಬ್ಬಿಗೆ ನಾಲ್ಕು ಲೋಟ ನೀರು ಕುಡಿಸಬೇಕಿತ್ತು. ಒಂದೊಂದಾಗಿ ಕೊಟ್ಟದ್ದು ದೊಡ್ಡಮ್ಮನೇ. ಹುಡುಗಿ ಗಲಾಟೆ ಮಾಡಲಿಲ್ಲ, ಬೇಡ ಅನ್ನಲಿಲ್ಲ. ಲೋಟ ಹಿಡಿದು ಮೂಲೆಯ ಕುರ್ಚಿಗೆ ಹೋಗುತ್ತಿದ್ದಳು, ಖಾಲಿ ಲೋಟ ತಂದುಕೊಡುತ್ತಿದ್ದಳು. ಅವತ್ತು ಐದರ ಬದಲು ಆರು ಮಕ್ಕಳಿದ್ದರು, ಒಬ್ಬ ವಾಂತಿ ಮಾಡಿಕೊಂಡಿದ್ದ. ಎಂಥ ಜಾಣೆ ಎಂದುಕೊಂಡು ದೊಡ್ಡಮ್ಮ ಫಾರಮ್ಮಿನಲ್ಲಿ "ನೀರು ಕುಡಿಸಿದೆ" ಎಂಬಲ್ಲಿ ಗುರುತು ಹಾಕಿದರು. ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಕೊಡಲು ನರ್ಸು ಎರಡು ಸಲ ಸೂಜಿ ಚುಚ್ಚಿದರೂ ರಕ್ತನಾಳ ಸಿಗಲಿಲ್ಲ. ಹುಡುಗಿ ಅತ್ತಳು. ಇಂಜೆಕ್ಷನ್ ಬೇಡ, ನೀರು ಕುಡಿದಿದ್ದಾಳಲ್ಲ, ಅಷ್ಟರಲ್ಲೇ ತೆಗೆಯೋಣ ಎಂದರು. ನೀರೇ ಇಲ್ಲದ ಮೈಯಲ್ಲಿ ರಕ್ತನಾಳ ಸಿಗುವುದು ಹೇಗೆ ಎಂದು ಯಾರಿಗೂ ಹೊಳೆಯಲಿಲ್ಲ.

ಮೂಲೆಯ ಕುರ್ಚಿಯ ಹಿಂದೆ ಕುಂಡದಲ್ಲೊಂದು ಗಿಡವಿತ್ತು. ಕೆಲವು ವಾರಗಳಲ್ಲಿ ಅದು ಬುಡ ಕೊಳೆತು ಸತ್ತಿತು. ಕುಂಡ ಎತ್ತಿದರೆ ಮಣ್ಣೆಲ್ಲ ಕೆಸರು. ಗಿಡಕ್ಕೆ ವಾರಕ್ಕೊಂದೇ ಸಲ ನೀರು ಹಾಕುತ್ತಿದ್ದ ದೊಡ್ಡಮ್ಮ ಆ ಕೆಸರನ್ನು ನೋಡುತ್ತ ನಿಂತರು. ಎಷ್ಟು ಮಕ್ಕಳು, ಯಾವ ಮಕ್ಕಳು? ಅವತ್ತೇ ಕುಂಡ ಆಚೆ ಹಾಕಿದರು. ಅಂದಿನಿಂದ ಮಕ್ಕಳು ಅವರ ಕಣ್ಣೆದುರೇ ಕುಡಿಯಬೇಕು, ಗಂಟಲು ಏರಿಳಿಯುವುದು ಕಾಣಬೇಕು. ಆದರೆ ಹೋದ ಮಕ್ಕಳ ಗತಿ?

ಐದು ವಾರದ ಹಿಂದೆ ಹೊರರೋಗಿ ವಿಭಾಗದಲ್ಲಿ ಮನೋವೈದ್ಯರ ಕೋಣೆಯ ಮುಂದೆ ಗುಬ್ಬಿಯನ್ನು ಕಂಡರು. ಅದೇ ನೀಲಿ ಬಟ್ಟೆ. ತಾಯಿ ಚೀಟಿ ಮಾಡಿಸಲು ಸಾಲಿನಲ್ಲಿದ್ದಳು. ದೊಡ್ಡಮ್ಮ ಪಕ್ಕದಲ್ಲಿ ಕೂತರು. ಬಳಸಿ ಕೇಳಲಿಲ್ಲ, ಗದರಿಸಲೂ ಇಲ್ಲ.

"ಗುಬ್ಬಿ, ಅವತ್ತು ನೀರು ಗಿಡಕ್ಕೆ ಹಾಕ್ದೆಯಾ?"

ಹುಡುಗಿ ತನ್ನ ಚಪ್ಪಲಿ ನೋಡಿದಳು. "ಕುಡಿದ್ರೆ ಒದ್ದೆ ಆಗುತ್ತೆ ದೊಡ್ಡಮ್ಮ. ಒದ್ದೆ ಆದ್ರೆ ಅಮ್ಮ ಹೊಡೀತಾಳೆ. ನಾನು ಶಾಲೆಗೆ ಹೋಗೋ ದಿನ ನೀರೇ ಕುಡಿಯಲ್ಲ" ಎಂದಳು.

ಅವತ್ತು ಮನೆಗೆ ಹೋದ ದೊಡ್ಡಮ್ಮನಿಗೆ ಅನ್ನ ಸೇರಲಿಲ್ಲ. ಅವರದು ಗುತ್ತಿಗೆಯ ಕೆಲಸ, ವರ್ಷಕ್ಕೊಮ್ಮೆ ನವೀಕರಣ, ಅದೂ ಮುಂದಿನ ತಿಂಗಳೇ ಇತ್ತು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಗಂಡನ ಮುಂದೆ ಎಲ್ಲ ಹೇಳಿಕೊಂಡರು. ಅವರು ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ಕೆಲಸ ಹೋಗಬಹುದು. ಹೇಳದೆ ಇದ್ರೆ ನಿನ್ನ ನಿದ್ದೆ ಹೋಗುತ್ತೆ. ಯಾವುದು ಬೇಕೋ ನೀನೇ ನೋಡ್ಕೋ" ಎಂದರು.

ಮರುದಿನ ಬೆಳಗ್ಗೆ ಡಾಕ್ಟರಮ್ಮನ ಕೋಣೆಗೆ ಹೋಗಿ ನಿಂತೇ ಹೇಳಿದರು. "ಮೇಡಂ, ನಾನು ಲೋಟ ನೋಡ್ದೆ, ಮಗೂನ ನೋಡ್ಲಿಲ್ಲ. ಕುಡಿದಿದ್ದಾಳೆ ಅಂತ ಸುಳ್ಳು ಗುರುತು ಹಾಕ್ದೆ. ಉಪ್ಪು ತಿಂದೋರು ನೀರು ಕುಡೀಲೇಬೇಕು, ನೀವು ಏನು ಮಾಡಿದ್ರೂ ಸರಿ. ಆದ್ರೆ ಆ ಮಗೂಗೆ ಇನ್ನೊಂದು ಸಲ ತೆಗೀರಿ."

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಹಳೆಯ ಚಿತ್ರಗಳನ್ನು ತರಿಸಿದರು. ಜೊತೆಗಿದ್ದ ತಂತ್ರಜ್ಞ ಪರದೆ ನೋಡುತ್ತ ನೋಡುತ್ತ ಬಿಳಿಚಿಕೊಂಡ. ಚಿತ್ರ ಎಲ್ಲಿಂದ ಎಲ್ಲಿಯವರೆಗೆ ಬೇಕೆಂದು ಪರದೆಯ ಮೇಲೆ ಚೌಕ ಎಳೆಯುವವನು ಅವನು. "ಮೇಡಂ, ನಂದೂ ಇದೆ. ಮೂತ್ರಕೋಶದ ಬುಡಕ್ಕೇ ಚೌಕ ನಿಲ್ಲಿಸಿದೀನಿ. ಇಂಥ ಕೇಸಿಗೆ ನಾಲ್ಕು ಬೆರಳು ಕೆಳಗಿನವರೆಗೂ ತೆಗೀಬೇಕಿತ್ತು" ಎಂದ. ಆಮೇಲೆ ಡಾಕ್ಟರಮ್ಮ, "ಇಷ್ಟು ಒಣಗಿದ ಚಿತ್ರ ನೋಡಿಯೂ ನಾನು ಸರಿಯಾಗಿದೆ ಅಂತ ಸಹಿ ಹಾಕಿದೀನಲ್ಲ" ಎಂದರು. ಏಳನೇ ಕ್ಲಾಸಿನ ಹೆಂಗಸೊಬ್ಬಳು ಬಾಯಿ ಬಿಟ್ಟದ್ದಕ್ಕೆ ಆ ಕೋಣೆಯಲ್ಲಿ ಮೂರು ತಪ್ಪು ಹೊರಬಿದ್ದವು. ಯಾರೂ ಯಾರ ಮೇಲೂ ಎತ್ತಿಹಾಕಲಿಲ್ಲ, ಅದು ದೊಡ್ಡ ಮಾತು. ಗುಬ್ಬಿಗೆ ಮತ್ತೆ ದಿನ ನಿಗದಿಯಾಯಿತು. ಆ ದಿನವೇ ಇವತ್ತು.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ತಾಯಿ ಮಗಳು ಬರುತ್ತಾರೆ. ತಾಯಿ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಬೆರಳಿನ ತುದಿಗಳಲ್ಲಿ ಹಳೆಯ ಸುಟ್ಟ ಕಲೆ. ಮುಖದಲ್ಲಿ ನಂಬಿಕೆಯಿಲ್ಲ. "ಹೋದ ಸಲವೂ ಇದೇ ಹೇಳಿದ್ರಿ. ಇವತ್ತೂ ಏನೂ ಇಲ್ಲ ಅಂದ್ರೆ ನಾನು ಇವಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಊರೆಲ್ಲ ಉಗೀತಾರೆ" ಎನ್ನುತ್ತಾಳೆ. ಇವತ್ತು ಏನೂ ಕಾಣದಿದ್ದರೆ ಹುಡುಗಿಯ ಮೇಲಿನ ಆ ಸುಳ್ಳಿ ಪಟ್ಟ ಎರಡನೆಯ ಸಲ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಯಾರು ತೊಳೆಯಬೇಕು?

ಅವರು ಗುಬ್ಬಿಯನ್ನು ಕೈಹಿಡಿದು ಒಳಕೋಣೆಗೆ ಕರೆದೊಯ್ಯುತ್ತಾರೆ. ಮೇಜಿನ ಮೇಲೆ ಮಡಿಸಿಟ್ಟ ಹತ್ತು ಬಿಳಿಯ ಬಟ್ಟೆ. ಪಕ್ಕದಲ್ಲಿ ಒಂದು ಜಗ್ಗು, ಎರಡು ಲೋಟ.

"ಇವೆಲ್ಲ ಯಾರಿಗೆ?"

"ನಿಂಗೇ. ಹತ್ತೂ ಒದ್ದೆ ಮಾಡು, ಇನ್ನೂ ಹತ್ತು ತರ್ತೀನಿ. ನೋಡು ಮರಿ, ಆ ಮಿಷನ್ನಿಗೆ ನೀರು ಬಿಟ್ಟು ಬೇರೇನೂ ಸರಿಯಾಗಿ ಕಾಣ್ಸಲ್ಲ. ನಿನ್ನೊಳಗೆ ನೀರಿಲ್ಲ ಅಂದ್ರೆ ಅದು ಕಣ್ಣಿದ್ದೂ ಕುರುಡು. ಹೊರಗೆಲ್ಲ ಒದ್ದೆಯಾದ್ರೆ ಬೈತಾರೆ. ಇಲ್ಲಿ ಒದ್ದೆಯಾದ್ರೆ ಅದೇ ಕೆಲಸ."

ಗುಬ್ಬಿ ಬಾಗಿಲತ್ತ ನೋಡುತ್ತಾಳೆ. ಅಲ್ಲಿ ತಾಯಿ ನಿಂತಿದ್ದಾಳೆ. ದೊಡ್ಡಮ್ಮ ತಿರುಗಿ, "ನೀವೇ ಹೇಳಿಬಿಡಿ ಅಮ್ಮಾ, ನಾನು ಹೇಳಿದ್ರೆ ಸಾಲದು" ಎನ್ನುತ್ತಾರೆ. ತಾಯಿ ಒಂದು ಹೆಜ್ಜೆ ಒಳಗಿಡುತ್ತಾಳೆ. "ಕುಡಿ ಪುಟ್ಟಿ. ಇವತ್ತು ಹೊಡಿಯಲ್ಲ" ಎನ್ನುತ್ತಾಳೆ. ಹೇಳಿದಮೇಲೆ ತನ್ನ ಮಾತು ತನಗೇ ಚುಚ್ಚಿದಂತೆ ತಲೆ ತಗ್ಗಿಸುತ್ತಾಳೆ.

ದೊಡ್ಡಮ್ಮ ಎರಡೂ ಲೋಟ ತುಂಬಿ ಒಂದನ್ನು ತಾವು ಎತ್ತಿಕೊಳ್ಳುತ್ತಾರೆ. ಲೋಟಕ್ಕೆ ಲೋಟ. ಇದು ಅವರು ಕುಂಡ ಎಸೆದ ದಿನ ಮಾಡಿಕೊಂಡ ಕಟ್ಟುಪಾಡು. ಮಗುವಿಗೆ ಎಷ್ಟು ಲೋಟವೋ ತಮಗೂ ಅಷ್ಟೇ. ಮಕ್ಕಳ ದಿನ ಐದು ಮಕ್ಕಳೆಂದರೆ ಲೆಕ್ಕ ನೀವೇ ಹಾಕಿ. ಮೂರನೆಯ ಲೋಟಕ್ಕೆ ದೊಡ್ಡಮ್ಮ ಮುಖ ಸೊಟ್ಟಗೆ ಮಾಡುತ್ತಾರೆ. "ಅಯ್ಯೋ ಗುಬ್ಬಿ, ನಂಗೇ ಅರ್ಜೆಂಟಾಗ್ತಿದೆ ಕಣೇ. ನೀನು ಮೊದ್ಲಾ, ನಾನು ಮೊದ್ಲಾ?" ಹುಡುಗಿ ಕಿಸಕ್ಕನೆ ನಗುತ್ತಾಳೆ. ಇಬ್ಬರೂ ಓಡುತ್ತಾರೆ. ಬಂದಮೇಲೆ ನಾಲ್ಕನೆಯ ಲೋಟ.

ಹತ್ತು ನಿಮಿಷಕ್ಕೆ ಗುಬ್ಬಿಯ ನಗು ನಿಲ್ಲುತ್ತದೆ. ಅವಳು ಕಾಲು ಜೋಡಿಸಿ ಮುದುಡುತ್ತಾಳೆ. ಕೆಳಗೆ ಹಾಸಿದ ಬಟ್ಟೆ ಒದ್ದೆಯಾಗಿದೆ. ಈಗ ತಾನೇ ಹೋಗಿಬಂದವಳು! ದೊಡ್ಡಮ್ಮ ಆ ಬಟ್ಟೆ ತೆಗೆದು ಬೇರೆ ಹಾಸಿ, "ಶಭಾಷ್, ಒಂದಾಯ್ತು" ಎನ್ನುತ್ತಾರೆ. ಅಷ್ಟೆ. ಹುಡುಗಿ ಅವರ ಮುಖವನ್ನೇ ನೋಡುತ್ತಾಳೆ. ಒದ್ದೆ ಮಾಡಿಕೊಂಡದ್ದಕ್ಕೆ ಯಾರಾದರೂ ಶಭಾಷ್ ಅಂದದ್ದು ಅವಳ ಎಂಟು ವರ್ಷದಲ್ಲಿ ಇದೇ ಮೊದಲಿರಬೇಕು.

ನರ್ಸಿಗೆ ಈ ಸಲ ಮೊದಲ ಸೂಜಿಗೇ ರಕ್ತನಾಳ ಸಿಗುತ್ತದೆ. ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಹೋಗುತ್ತದೆ. ಚಿತ್ರ ನಡೆಯುವಾಗ, ನಾಳಗಳು ಎದ್ದು ಕಾಣಲೆಂದು ಬಣ್ಣದ ಔಷಧಿಯೂ ಹೋಗುತ್ತದೆ. ಯಂತ್ರದ ಗುಹೆಯೊಳಗೆ ಜಾರುವ ಮೊದಲು ಗುಬ್ಬಿ ಕೇಳುತ್ತಾಳೆ: "ಒಳಗೇ ಒದ್ದೆಯಾದ್ರೆ?"

"ಆಗ್ಲಿ. ನೀನು ಅಲುಗಬೇಡ, ನೀರು ಅಲುಗಿದ್ರೆ ಅಲುಗಲಿ."

ಬಾಗಿಲು ಮುಚ್ಚುತ್ತದೆ. ಡುಗು ಡುಗು ಡುಗು. ದೊಡ್ಡಮ್ಮನ ಅಂಗೈ ಹುಡುಗಿಯ ಪಾದದ ಮೇಲಿದೆ. ಆ ಪುಟ್ಟ ಪಾದ ಮೊದಲು ಬಿಗಿಯಾಗಿತ್ತು, ಆಮೇಲೆ ನಿಧಾನಕ್ಕೆ ಸಡಿಲವಾಗುತ್ತದೆ. ಯಂತ್ರ ಕ್ಯಾಂ ಕ್ಯಾಂ ಎಂದು ಕೂಗುತ್ತದೆ, ನಿಲ್ಲುತ್ತದೆ, ಮತ್ತೆ ಬಡಿಯುತ್ತದೆ. ನಲವತ್ತೆರಡು ನಿಮಿಷ. ಗುಬ್ಬಿಯ ಒಂದು ಬೆರಳೂ ಅಲುಗುವುದಿಲ್ಲ. ಹಾಸಿದ ಬಟ್ಟೆ ಒದ್ದೆಯಾಗುತ್ತಲೇ ಇರುತ್ತದೆ. ದೊಡ್ಡಮ್ಮನ ತುಟಿ ಏನೋ ಪಿಟಿಪಿಟಿಗುಟ್ಟುತ್ತದೆ. ಬೇಡಿಕೊಳ್ಳುತ್ತಿದ್ದಿರಾ ಎಂದು ಆಮೇಲೆ ಕೇಳಿದರೆ, "ಇಲ್ಲಪ್ಪ, ಮಿಷನ್ನಿನ ಜೊತೆ ಡುಗು ಡುಗು ಅಂತಿದ್ದೆ. ಕೈ ನಡುಗಿದ್ರೆ ಮಗೂಗೆ ಗೊತ್ತಾಗಿಬಿಡುತ್ತಲ್ಲ, ಅದಕ್ಕೆ" ಎನ್ನುತ್ತಾರೆ.

ಗಾಜಿನ ಆಚೆ ತಂತ್ರಜ್ಞ ಪರದೆಯ ಮೇಲಿನ ಚೌಕವನ್ನು ಕೆಳಗೆ, ಇನ್ನೂ ಕೆಳಗೆ ಎಳೆದಿದ್ದಾನೆ. ಡಾಕ್ಟರಮ್ಮ ಅವನ ಹೆಗಲಾಚೆಯಿಂದ ಬಗ್ಗಿ ನೋಡುತ್ತಿದ್ದಾರೆ. ಇದ್ದಕ್ಕಿದ್ದಂತೆ ಅವರ ಬೆರಳು ಗಾಜಿನ ಮೇಲೆ ಟಕಟಕ ಎನ್ನುತ್ತದೆ, ದೊಡ್ಡಮ್ಮನನ್ನು ಕರೆಯುತ್ತದೆ. ಯಂತ್ರ ನಿಂತಿದೆ. ದೊಡ್ಡಮ್ಮ ಮೊದಲು ಹುಡುಗಿಯನ್ನು ಇಳಿಸುತ್ತಾರೆ, ಒಣಬಟ್ಟೆ ಉಡಿಸುತ್ತಾರೆ, ಆಮೇಲೆ ಹೋಗುತ್ತಾರೆ. ತಾಯಿಯೂ ಹಿಂದೆಯೇ ಬರುತ್ತಾಳೆ.

ಕಪ್ಪು ಪರದೆಯಲ್ಲಿ ನೀರೆಲ್ಲ ಬೆಳ್ಳಗೆ ಕಾಣುತ್ತಿದೆ. ಎರಡು ಮೂತ್ರಪಿಂಡ, ಎರಡು ನಾಳ, ಕೆಳಗೆ ಮೂತ್ರಕೋಶ. ಎಲ್ಲರಿಗೂ ಇರುವಂಥದ್ದೇ. ಆದರೆ ಎಡಗಡೆಯ ಪಿಂಡದ ನೆತ್ತಿಯ ಮೇಲೆ ನೆಲ್ಲಿಕಾಯಿಯಷ್ಟು ದೊಡ್ಡ ಇನ್ನೊಂದು ತುಣುಕಿದೆ. ಅದರಿಂದ ನೂಲಿನಂಥ ಬಿಳಿಯ ಗೆರೆಯೊಂದು ಇಳಿಯುತ್ತದೆ. ಮೂತ್ರಕೋಶದ ಹತ್ತಿರ ಬರುತ್ತದೆ, ಒಳಗೆ ಹೋಗುವುದಿಲ್ಲ, ಪಕ್ಕದಲ್ಲೇ ಹಾದು ಕೆಳಗಿಳಿಯುತ್ತದೆ. ಹಳೆಯ ಚೌಕ ನಿಂತಿದ್ದ ಜಾಗದಿಂದ ಎರಡು ಬೆರಳು ಕೆಳಗೆ ಅದರ ಬಾಯಿ.

"ಇದು ಮೂರನೆಯ ನಾಳ" ಎಂದು ಡಾಕ್ಟರಮ್ಮ ತಾಯಿಗೆ ತೋರಿಸುತ್ತಾರೆ. "ಮೂತ್ರ ಹಿಡಿದಿಡೋ ಬಾಗಿಲು ಮೇಲಿದೆ, ಇದು ಬಾಗಿಲಿನ ಕೆಳಗೆ ತೆರೆದುಕೊಂಡಿದೆ. ಇವಳು ಎಷ್ಟು ಬಿಗಿಹಿಡಿದರೂ ಇದು ಸೋರುತ್ತೆ. ಇದು ಇವಳ ಕೈಲಿಲ್ಲಮ್ಮ, ಯಾವತ್ತೂ ಇರಲಿಲ್ಲ. ಆಪರೇಷನ್ ಮಾಡಿದರೆ ಸರಿಹೋಗುತ್ತೆ."

ತಾಯಿ ಪರದೆಯನ್ನು ನೋಡುವುದಿಲ್ಲ. ತನ್ನ ಬಲಗೈಯನ್ನು ನೋಡುತ್ತಾಳೆ. "ಇದೇ ಕೈಯಲ್ಲಿ ಹೊಡೆದೆ ಮೇಡಂ. ನಿನ್ನೆ ಕೂಡ ಹೊಡೆದೆ" ಎಂದು ಗೋಡೆಗೆ ಒರಗಿ ಅಲ್ಲೇ ನೆಲಕ್ಕೆ ಕುಸಿಯುತ್ತಾಳೆ. ದೊಡ್ಡಮ್ಮ ಮೊಣಕಾಲು ನೋವು ಮರೆತು ಅವಳ ಪಕ್ಕ ಕೂರುತ್ತಾರೆ. "ನಾನೂ ತಪ್ಪು ಮಾಡಿದೀನಮ್ಮ. ಎಂಟು ತಿಂಗಳ ಏಟು ನನ್ನ ಲೆಕ್ಕಕ್ಕೂ ಬರುತ್ತೆ" ಎನ್ನುತ್ತಾರೆ. ಅವರ ಕಣ್ಣೂ ತುಂಬಿದೆ, ಒರೆಸಿಕೊಳ್ಳುವುದಿಲ್ಲ.

ಬಾಗಿಲಲ್ಲಿ ಗುಬ್ಬಿ ನಿಂತಿದ್ದಾಳೆ. ದೊಡ್ಡವರು ನೆಲದ ಮೇಲೆ ಕೂತು ಅಳುವುದನ್ನು ನೋಡಿ ಅವಳಿಗೆ ದಿಗಿಲು. "ನಾನು ಸುಳ್ಳು ಹೇಳ್ತಿರಲಿಲ್ಲ ಅಲ್ವಾ?" ಎಂದು ಕೇಳುತ್ತಾಳೆ. ಯಾರನ್ನು ಕೇಳುತ್ತಿದ್ದಾಳೋ ತಿಳಿಯುವುದಿಲ್ಲ. ತಾಯಿ ಎರಡೂ ಕೈ ಚಾಚುತ್ತಾಳೆ. ಹುಡುಗಿ ಒಂದು ಕ್ಷಣ ಹಿಂಜರಿದು, ಆಮೇಲೆ ಹೋಗುತ್ತಾಳೆ.

ಇದೆಲ್ಲ ನಡೆದು ಈಗ ಕೆಲವು ತಿಂಗಳು ಕಳೆದಿವೆ. ದೊಡ್ಡಮ್ಮನ ಗುತ್ತಿಗೆ ನವೀಕರಣವಾಗಿದೆ. ಬಡ್ತಿಯಿಲ್ಲ, ಹಾರವಿಲ್ಲ, ಫಲಕದಲ್ಲಿ ಹೆಸರಂತೂ ಇಲ್ಲವೇ ಇಲ್ಲ. ಏನು ಬೇಕು ನಿಮಗೆ ಎಂದು ಡಾಕ್ಟರಮ್ಮ ಕೇಳಿದ್ದರಂತೆ. ಇವರು ಕೇಳಿದ್ದು ಒಂದೇ ಒಂದು ಗೆರೆ. ಫಾರಮ್ಮಿನಲ್ಲಿ "ನೀರು ಕುಡಿಸಿದೆ" ಎಂಬುದರ ಕೆಳಗೆ "ಕಣ್ಣಾರೆ ಕಂಡವರು" ಎಂದು ಇನ್ನೊಂದು ಸಾಲು ಅಚ್ಚಾಗಬೇಕು, ಅಲ್ಲಿ ತಾನು ಸಹಿ ಹಾಕಬೇಕು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಾನು ಪ್ರತ್ಯಕ್ಷವೇ ಕಾಣದೆ ಗುರುತು ಹಾಕಿಬಿಟ್ಟೆ. ನಾಳೆ ನಾನಿಲ್ಲದಿದ್ರೂ, ನನ್ನ ಜಾಗಕ್ಕೆ ಬಂದೋಳು ಆ ಸಾಲು ನೋಡಿದ್ರೆ ಮಗೂ ಕಡೆ ಒಂದ್ಸಲ ತಿರುಗ್ತಾಳೆ. ಅಷ್ಟೇ ಸಾಕು" ಎನ್ನುತ್ತಾರೆ. ಹೊಸ ಫಾರಮ್ಮು ಅಚ್ಚಾಗಿ ಬಂದಿದೆ. ಆ ಸಾಲಿನಲ್ಲಿ ಅವರ ಗುಂಡು ಗುಂಡು ಅಕ್ಷರದ ಸಹಿ ದಿನಕ್ಕೆ ಐದು ಸಲ ಬೀಳುತ್ತಿದೆ.

ಗುಬ್ಬಿಗೆ ಆಪರೇಷನ್ ಆಗಿ ಆರು ವಾರವಾಗಿದೆ. ತೋರಿಸಿಕೊಂಡು ಹೋಗಲು ಮೊನ್ನೆ ಬಂದಿದ್ದಳು. ಮೇಲಿನ ಮಹಡಿಯಲ್ಲಿ ಡಾಕ್ಟರನ್ನು ಕಂಡು, ತಾಯಿಯ ಕೈ ಬಿಡಿಸಿಕೊಂಡು ಒಬ್ಬಳೇ ನೆಲಮಾಳಿಗೆಗೆ ಇಳಿದಳು. ಹಳದಿ ಸ್ಕರ್ಟ್ ಹಾಕಿದ್ದಳು, ಮಾವಿನ ಹಣ್ಣಿನ ಬಣ್ಣ. ದೊಡ್ಡಮ್ಮ ಇನ್ನೊಂದು ಮಗುವಿಗೆ ಡ್ರಮ್ಮು ಬಡಿಯುತ್ತಿದ್ದರು, ಎಡಗಡೆಯಿಂದ ಬಂದವಳ ಹೆಜ್ಜೆ ಕೇಳಿಸಲಿಲ್ಲ. ಗುಬ್ಬಿ ಯಾರನ್ನೂ ಕೇಳದೆ ಜಗ್ಗಿನಿಂದ ಲೋಟ ತುಂಬಿಸಿಕೊಂಡು ಬಂದು ಅವರ ಎದುರೇ ನಿಂತಳು. ಗಟಗಟನೆ ಕುಡಿದಳು, ಲೋಟ ತಲೆಕೆಳಗು ಮಾಡಿದಳು, ಒಂದು ತೊಟ್ಟೂ ಬೀಳಲಿಲ್ಲ.

"ನೋಡಿದ್ರಾ ದೊಡ್ಡಮ್ಮ?"

"ನೋಡ್ದೆ ಕಣೇ" ಎಂದರು ದೊಡ್ಡಮ್ಮ. "ಲೋಟ ಅಲ್ಲ, ನಿನ್ನನ್ನೇ ನೋಡ್ದೆ" ಎಂದರು.

ಗುಬ್ಬಿ ಇನ್ನೊಂದು ಲೋಟ ತುಂಬಿಸಿಕೊಳ್ಳಲು ಹೋದಳು.